ಚಿಲ್ಲರೆ ಸಾಮಾನಿನ ಚಿಂತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ರೀಲೋಡಿಂಗ್ ಪ್ರೆಸ್ ಕ್ಲೀನ್ ಮಾಡೋದು ಹೇಗೆ ಅಂತ ಒಬ್ರು ಕೇಳಿದ್ರು, ಉತ್ತರದ ಕೊನೇಲಿ "ಬಿಚ್ಚಿದ ಸಾಮಾನು ಜೋಪಾನ" ಅಂತ ಒಂದ್ ಸಾಲು ಹಾಕಿ ಸುಮ್ನಾಗಿದ್ದೆ. ಕ್ಲೀನಿಂಗ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ಆ ಒಂದ್ ಸಾಲು ಹಿಡ್ಕೊಂಡು ಪತ್ರದ ಮೇಲೆ ಪತ್ರ ಬಂತು. ಹಾಗಾಗಿ ಈ ಸಲ ಪೂರ್ತಿ ಸ್ಪೇರ್ ಪಾರ್ಟ್ಸ್ ವಿಷಯಾನೇ. ಗೊತ್ತಿಲ್ದೋರಿಗೆ ಒಂದ್ ಮಾತು: ಗುಂಡು ಹಾರಿದ ಮೇಲೆ ಉಳಿಯೋ ಹಿತ್ತಾಳೆ ಕೇಸನ್ನ ಬಿಸಾಕದೆ, ಹಳೇ ಪ್ರೈಮರ್ (ಕೇಸಿನ ಬುಡದಲ್ಲಿರೋ, ಏಟು ಬಿದ್ರೆ ಕಿಡಿ ಹಾರಿಸೋ ಪುಟ್ಟ ಬಟ್ಟಲು) ತಳ್ಳಿ ತೆಗ್ದು, ಕೇಸನ್ನ ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಪೌಡರ್ (ಅಂದ್ರೆ ಮದ್ದು), ಬುಲೆಟ್ ಹಾಕಿ ಮತ್ತೆ ಬಳಸೋದಕ್ಕೆ ರೀಲೋಡಿಂಗ್ ಅಂತಾರೆ, ಹಿಡಿ ಎಳೆದು ಈ ಕೆಲ್ಸ ಮಾಡೋ ಬೆಂಚ್ ಮೇಲಿನ ಮಿಷಿನ್ನೇ ಪ್ರೆಸ್ಸು. ಟಾರ್ಗೆಟ್ ಶೂಟಿಂಗ್ ಮಾಡೋರ ಹವ್ಯಾಸ ಇದು, ಲೈಸೆನ್ಸು ಕಾನೂನು ಒಂದೊಂದ್ ದೇಶದಲ್ಲಿ ಒಂದೊಂದ್ ಥರ, ಅದನ್ನೆಲ್ಲ ನೀವು ಮೊದ್ಲೇ ಸರಿ ಮಾಡ್ಕೊಂಡಿದೀರ ಅಂತ ನಂಬ್ಕೊಂಡೇ ಬರೀತೀನಿ.

ಪ್ರಶ್ನೆ: ಸರ್, ನನ್ನ ಹತ್ರ ಒಂದು ಸಿಂಗಲ್ ಸ್ಟೇಜ್ ಪ್ರೆಸ್ಸು (ಒಂದ್ ಸಲಕ್ಕೆ ಒಂದೇ ಹಂತ ಮಾಡೋದು), ಒಂದು ಪ್ರೊಗ್ರೆಸಿವ್ ಪ್ರೆಸ್ಸು (ಹಿಡಿ ಎಳೆದಾಗ್ಲೆಲ್ಲ ಹಲವು ಹಂತ ಒಟ್ಟಿಗೆ ಮಾಡೋದು) ಇದೆ. ಸ್ಪ್ರಿಂಗ್‌ಗೆಲ್ಲ ಒಂದ್ ಡಬ್ಬಿ, ಸ್ಕ್ರೂಗೆ ಒಂದ್ ಡಬ್ಬಿ, ಪಿನ್ನಿಗೆ ಒಂದ್ ಡಬ್ಬಿ ಅಂತ ಭಾಳ ಚೆನ್ನಾಗಿ ವಿಂಗಡಿಸಿ ಇಟ್ಟಿದೀನಿ. ಆದ್ರೂ ಬೇಕಾದಾಗ ಒಂದೂ ಸಿಗಲ್ಲ. ಎಲ್ಲಿ ತಪ್ಪಿದೀನಿ?

ಉತ್ತರ: ವಿಂಗಡಿಸಿದ್ದೇ ತಪ್ಪು. ಬೇಜಾರ್ ಮಾಡ್ಕೋಬೇಡಿ, ನಾನೂ ಹತ್ತು ವರ್ಷ ಹೀಗೇ ಮಾಡಿದೋನು. ಸ್ಪ್ರಿಂಗೆಲ್ಲ ಒಂದೇ ಕಡೆ ಹಾಕಿದ್ರೆ ನೋಡೋಕೆ ಅಂದ, ಆದ್ರೆ ಸ್ಪ್ರಿಂಗು ಸ್ಪ್ರಿಂಗು ಒಂದೇ ಅಲ್ಲ. ಪ್ರೈಮರ್ ತಂದುಕೊಡೋ ಸ್ಲೈಡಿನ ಸ್ಪ್ರಿಂಗೂ, ಶೆಲ್ ಪ್ಲೇಟ್ (ಕೇಸುಗಳನ್ನ ಹಿಡ್ಕೊಂಡು ಹಂತದಿಂದ ಹಂತಕ್ಕೆ ತಿರುಗೋ ತಟ್ಟೆ) ಕೆಳಗಡೆ ಸಣ್ಣ ಉಕ್ಕಿನ ಗುಂಡನ್ನ ಒತ್ತಿ ಹಿಡಿಯೋ ಸ್ಪ್ರಿಂಗೂ ಡಬ್ಬೀಲಿ ಬಿದ್ದಾಗ ಅಣ್ಣ ತಮ್ಮ ಇದ್ದ ಹಾಗೆ ಕಾಣ್ಸುತ್ತೆ, ಬಿಗಿ ಮಾತ್ರ ಬೇರೆ ಬೇರೆ. ತಪ್ಪು ಸ್ಪ್ರಿಂಗು ಹಾಕಿದ್ರೂ ಮಿಷಿನ್ನು ಓಡತ್ತೆ, ಅದೇ ಕಷ್ಟ, ಓಡತ್ತೆ ಆದ್ರೆ ಪ್ಲೇಟು ಪ್ರತಿ ಸಲ ತಿರುಗಿದಾಗ್ಲೂ ಝಟಕಾ ಹೊಡ್ದು ಕೇಸ್ ಒಳಗಿನ ಪೌಡರ್ ಚೆಲ್ಲಕ್ಕೆ ಶುರು ಆಗತ್ತೆ, ಆಮೇಲೆ ನೀವು ಪೌಡರ್ ಮೆಷರನ್ನ (ಪೌಡರ್ ಅಳೆದು ಸುರಿಯೋ ಭಾಗ) ಬೈಕೊಂಡು ಅದನ್ನ ಬಿಚ್ಚೋಕೆ ಕೂತ್ಕೋತೀರ.

ಸಾಮಾನನ್ನ ಜಾತಿ ನೋಡಿ ಇಡ್ಬೇಡಿ, ಅದು ಕೂರೋ ಜಾಗ ನೋಡಿ ಇಡಿ. ಅಂದ್ರೆ ಒಂದೊಂದ್ ಪ್ರೆಸ್‌ಗೆ ಒಂದೊಂದ್ ಡಬ್ಬಿ, ಡಬ್ಬಿ ಒಳಗೆ ಖಾನೆ ಖಾನೆಗೂ ಒಂದ್ ಕೆಲ್ಸ: ಹಳೇ ಪ್ರೈಮರ್ ತಳ್ಳೋ ಕಡೆದು ಒಂದು, ಹೊಸ ಪ್ರೈಮರ್ ಕೂರಿಸೋ ಕಡೆದು ಒಂದು, ಪೌಡರ್ ಮೆಷರ್‌ದು ಒಂದು, ಬುಲೆಟ್ ಕೂರಿಸೋ ಕಡೆದು ಒಂದು, ಪ್ಲೇಟ್ ತಿರುಗಿಸೋ ಭಾಗದ್ದು ಒಂದು. ಕೆಲ್ಸ ನಿಂತಾಗ ನಿಮ್ಗೆ ಗೊತ್ತಿರೋದು "ಪ್ರೈಮರ್ ಸರ್ಯಾಗಿ ಬರ್ತಿಲ್ಲ" ಅನ್ನೋದಷ್ಟೇ. ನಿಮ್ಗೆ ಬೇಕಿರೋದು ಸ್ಪ್ರಿಂಗೋ ಪಿನ್ನೋ ಕ್ಲಿಪ್ಪೋ ಅಂತ ಆಗ ಗೊತ್ತೇ ಇರಲ್ಲ. ಪ್ರೈಮರ್ ಖಾನೆ ತೆಗ್ದ್ರೆ ಅಲ್ಲಿ ಕೆಡಬಹುದಾದ್ದೆಲ್ಲ ಒಂದೇ ಕಡೆ ಕೂತಿರತ್ತೆ.

ಈಗ ಲೇಬಲ್ಲು. "ಸಣ್ಣ ಸ್ಪ್ರಿಂಗ್" ಅಂತ ಬರ್ದ್ರೆ ಅದು ಲೇಬಲ್ ಅಲ್ಲ. ಪ್ರೆಸ್ ಜೊತೆ ಬರೋ ಪುಸ್ತಕದಲ್ಲಿ ಮಿಷಿನ್ನು ಬಿಡಿ ಬಿಡಿಯಾಗಿ ಬಿಡಿಸಿರೋ ಚಿತ್ರ ಇರತ್ತಲ್ಲ, ಒಂದೊಂದ್ ಭಾಗಕ್ಕೂ ನಂಬರ್ ಕೊಟ್ಟಿರ್ತಾರೆ, ಆ ನಂಬರ್ರೇ ನಿಮ್ ಲೇಬಲ್ಲು. ಆ ಪುಟಾನ ಒಂದ್ ಜೆರಾಕ್ಸ್ ತೆಗ್ದು ಡಬ್ಬಿ ಮುಚ್ಚಳದ ಒಳಗಡೆ ಅಂಟಿಸಿ. ನಂಬರ್ ಜೊತೆಗೆ ಕನ್ನಡದಲ್ಲೋ ನಿಮ್ ಬಾಯಿಗೆ ಬರೋ ಭಾಷೇಲೋ ಒಂದ್ ಸಾಲು ಸೇರ್ಸಿ, "ಎಡಗಡೆ ಆರ್ಮ್ ಹಿಂದೆ, ಉದ್ದನೇ ಕೊಕ್ಕೆ ಮೇಲ್ಗಡೆ" ಈ ಥರ. ನನ್ ಡಬ್ಬೀಲಿ ಒಂದ್ ಕಡೆ "ಇದು ಉಲ್ಟಾ ಹಾಕಿದ್ರೂ ಕೂರತ್ತೆ, ಮೋಸ ಹೋಗ್ಬೇಡ" ಅಂತ ಬರ್ದಿದೆ, ಎರಡ್ ಸಲ ಮೋಸ ಹೋದ್ಮೇಲೆ ಬರ್ದಿದ್ದು.

ಡಬ್ಬಿ ಯಾವ್ದು ಅಂತ ಕೇಳೋರಿಗೆ: ಮೀನು ಗಾಳದ ಸಾಮಾನಿಡೋ ಖಾನೆ ಪೆಟ್ಟಿಗೆ, ಮಣಿ ಪೋಣಿಸೋರು ಇಡೋ ಪ್ಲಾಸ್ಟಿಕ್ ಬಾಕ್ಸು, ವಾರದ ಮಾತ್ರೆ ಇಡೋ ಡಬ್ಬಿ, ಯಾವ್ದಾದ್ರೂ ಆಗತ್ತೆ. ಒಂದೇ ಒಂದ್ ಪರೀಕ್ಷೆ ಮಾಡಿ ತಗೊಳಿ. ಒಂದ್ ಖಾನೇಲಿ ನಾಕ್ ಗುಂಡುಸೂಜಿ ಹಾಕಿ, ಮುಚ್ಚಿ, ತಲೆಕೆಳಗ್ ಮಾಡಿ ಅಲ್ಲಾಡ್ಸಿ. ಸೂಜಿ ಪಕ್ಕದ ಖಾನೆಗೆ ಹೋಯ್ತು ಅಂದ್ರೆ ಖಾನೆ ಗೋಡೆ ಮುಚ್ಚಳಕ್ಕೆ ಮುಟ್ತಿಲ್ಲ ಅಂತ ಅರ್ಥ, ಆ ಡಬ್ಬಿ ಬಿಟ್ಬಿಡಿ. ತಗೊಂಡಾಗಿದೆ ಅಂದ್ರೆ ಒಂದೊಂದ್ ಪಾರ್ಟನ್ನೂ ಪುಟಾಣಿ ಜಿಪ್ ಕವರ್‌ಗೆ ಹಾಕಿ ಖಾನೇಲಿಡಿ.

ಪ್ರಶ್ನೆ: ಯಾವ್ಯಾವ್ದು ಎಷ್ಟೆಷ್ಟು ಸ್ಪೇರ್ ಇಟ್ಕೋಬೇಕು?

ಉತ್ತರ: ಎಲ್ಲಾದ್ರಲ್ಲೂ ಎರಡೆರಡು ಅಂತ ತಗೊಳೋದು ದುಡ್ಡಿಗೆ ದಂಡ. ಮುರಿಯೋದು ಯಾವ್ದು, ಕಳೆಯೋದು ಯಾವ್ದು ಅಂತ ಎರಡು ಪಟ್ಟಿ ಮಾಡಿ. ಮುರಿಯೋದ್ರಲ್ಲಿ ಮೊದಲನೇದು ಡಿಕ್ಯಾಪಿಂಗ್ ಪಿನ್ನು, ಹಳೇ ಪ್ರೈಮರ್ ತಳ್ಳೋ ಆ ತೆಳ್ಳನೇ ಕಡ್ಡಿ. ಕೇಸ್ ಒಳಗೆ ಒಂದ್ ಸಣ್ಣ ಕಲ್ಲು ಸೇರ್ಕೊಂಡಿದ್ರೆ, ಇಲ್ಲಾಂದ್ರೆ ಬರ್ಡನ್ ಥರದ ಕೇಸ್ ಗೊತ್ತಿಲ್ದೆ ನಡುವೆ ನುಗ್ಗಿದ್ರೆ (ಬಾಕ್ಸರ್ ಕೇಸಿಗೆ ನಟ್ಟನಡುವೆ ಒಂದೇ ತೂತು, ಬರ್ಡನ್‌ಗೆ ಸಾಮಾನ್ಯವಾಗಿ ಅಕ್ಕಪಕ್ಕ ಎರಡು, ನಡುವೆ ಗಟ್ಟಿ) ಪಿನ್ನು ಲಟಕ್ ಅನ್ನತ್ತೆ. ಲೀ ಕಂಪ್ನಿ ಡೈಗಳಲ್ಲಿ (ಪಿನ್ನು ಕೂತಿರೋ, ಪ್ರೆಸ್ ಮೇಲೆ ತಿರುಗಿಸಿ ಕೂರಿಸೋ ಅಚ್ಚು) ಜಾಸ್ತಿ ಜೋರು ಬಿದ್ರೆ ಪಿನ್ನು ಮೇಲಕ್ಕೆ ಜಾರಿಬಿಡತ್ತೆ, ಮುರಿಯೋದು ಕಮ್ಮಿ. ಮಿಕ್ಕ ಎಷ್ಟೋ ಡೈಗಳಲ್ಲಿ ಪಿನ್ನೇ ಬಲಿ. ಆದ್ರಿಂದ ಅದು ಐದಾದ್ರೂ ಇರ್ಲಿ. ಕಳೆಯೋದ್ರಲ್ಲಿ ಇಂಗ್ಲಿಷ್ E ಆಕಾರದ ಕ್ಲಿಪ್ಪು, ಸಣ್ಣ ಸ್ಪ್ರಿಂಗು, ಉಕ್ಕಿನ ಗುಂಡು, ಇವು ಮೂರ್ ಮೂರು. ಮಿಕ್ಕಿದ್ದಕ್ಕೆ ಒಂದೊಂದು ಸಾಕು. ಕವರ್‌ನಲ್ಲಿ ಕೊನೇ ಪಾರ್ಟು ಉಳಿದಾಗ ಆರ್ಡರ್ ಮಾಡಿ, ಅದೂ ಖರ್ಚಾದ್ಮೇಲೆ ಅಲ್ಲ.

ಇನ್ನೊಂದು, ಮುರಿದ ಪಿನ್ನನ್ನ ಹೊಸಾವಿರೋ ಕವರ್‌ಗೇ ವಾಪಸ್ ಹಾಕೋ ಚಾಳಿ ಕೆಲವ್ರಿಗಿದೆ, "ಸ್ಯಾಂಪಲ್ಲಿಗೆ ಇರ್ಲಿ" ಅಂತ. ಇಟ್ಕೊಳ್ಳಿ, ಬೇರೆ ಕವರ್‌ನಲ್ಲಿ, ಮೇಲೆ ಕೆಂಪು ಇಂಕಲ್ಲಿ "ಸವೆದದ್ದು" ಅಂತ ಬರ್ದು. ತುದಿ ಅರ್ಧ ಮಿಲಿಮೀಟರ್ ಹೋಗಿರೋ ಪಿನ್ನು ಕಣ್ಣಿಗೆ ಹೊಸದರ ಹಾಗೇ ಕಾಣ್ಸುತ್ತೆ. ಪ್ರೊಗ್ರೆಸಿವ್ ಪ್ರೆಸ್ಸಲ್ಲಿ ಪಿನ್ನು ಮುರಿದಿದ್ದು ಗಮನಕ್ಕೆ ಬರ್ದೆ ಇದ್ರೆ ಹಳೇ ಪ್ರೈಮರ್ ಒಳಗೇ ಉಳಿದು ಅದರ ಮೇಲೆ ಹೊಸ ಪ್ರೈಮರ್ ಒತ್ತೋಕೆ ಹೋಗತ್ತೆ ಮಿಷಿನ್ನು. ಹಿಡಿ ಗಟ್ಟಿ ಆಯ್ತು ಅನ್ನಿಸಿದ ಕ್ಷಣ ಕೈ ಬಿಡಿ, ಬಲ ಹಾಕ್ಬೇಡಿ.

ಪ್ರಶ್ನೆ: ಶೆಲ್ ಹೋಲ್ಡರ್‌ಗಳನ್ನೆಲ್ಲ (ಪ್ರೆಸ್ಸಲ್ಲಿ ಕೇಸಿನ ಬುಡ ಹಿಡಿಯೋ ಬಿಲ್ಲೆ) ನಂಬರ್ ಪ್ರಕಾರ ಜೋಡ್ಸಿದೀನಿ, ಆದ್ರೂ ಮೊನ್ನೆ 3ನೇ ನಂಬರ್ ಹಾಕಿದ್ರೆ ಕೇಸ್ ಕೂರಲೇ ಇಲ್ಲ. ಸವೆದಿರ್ಬಹುದಾ?

ಉತ್ತರ: ಸವೆದಿಲ್ಲ ಸ್ವಾಮಿ, ಬೇರೆ ಕಂಪ್ನಿದು ಅದು. ಶೆಲ್ ಹೋಲ್ಡರ್ ನಂಬರ್ರು ಕಂಪ್ನಿಯಿಂದ ಕಂಪ್ನಿಗೆ ಬದ್ಲಾಗತ್ತೆ. .308 ವಿಂಚೆಸ್ಟರ್ ಅನ್ನೋ ಅಳತೆಯ ಕೇಸಿಗೆ ಆರ್‌ಸಿಬಿಎಸ್‌ನಲ್ಲಿ 3, ಲೀನಲ್ಲಿ 2, ಹಾರ್ನಡಿ ಮತ್ತು ರೆಡ್ಡಿಂಗ್‌ನಲ್ಲಿ 1. .223ಗೆ ಬಂದ್ರೆ ಆರ್‌ಸಿಬಿಎಸ್‌ನಲ್ಲಿ 10, ಲೀನಲ್ಲಿ 4, ಹಾರ್ನಡೀಲಿ 16. ಬರೀ ನಂಬರ್ ನೋಡಿ ಜೋಡ್ಸಿದ್ರೆ ಮೂರ್ ಊರಿನ ಬಸ್ಸಿಗೆ ಒಂದೇ ಬೋರ್ಡ್ ಹಾಕಿದ ಹಾಗೆ. ಖಾನೆ ಮೇಲೆ ಕೇಸಿನ ಹೆಸ್ರು ದೊಡ್ಡದಾಗಿ ಬರೀರಿ, ಕಂಪ್ನಿ ಮತ್ತು ನಂಬರ್ ಕೆಳಗೆ ಚಿಕ್ಕದಾಗಿ. ಪ್ರೈಮರ್ ಕೂರಿಸೋ ಪಂಚು, ಪ್ರೈಮರ್ ಕೊಳವೆ ಇವಕ್ಕೂ ಇದೇ ಕಥೆ. ಸಣ್ಣ ಪ್ರೈಮರ್ 0.175 ಇಂಚು, ದೊಡ್ಡದು 0.210 ಇಂಚು, ಒಂದ್ ಮಿಲಿಮೀಟರ್ ಕೂಡ ಇಲ್ಲ ವ್ಯತ್ಯಾಸ. ಸಾಯಂಕಾಲದ ಬೆಳಕಲ್ಲಿ ಕಣ್ಣು ಸೋಲತ್ತೆ, ಅದಕ್ಕೆ ನಾನು ಸಣ್ಣದರ ಸಾಮಾನಿಗೆಲ್ಲ ಹಸಿರು ನೈಲ್ ಪಾಲಿಷಿಂದ ಒಂದ್ ಚುಕ್ಕೆ ಇಟ್ಟಿದೀನಿ. ಉಜ್ಜೋ ಜಾಗದ ಮೇಲೆ ಮಾತ್ರ ಇಡ್ಬೇಡಿ.

ಸ್ಕ್ರೂ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ಅಮೇರಿಕದ ಪ್ರೆಸ್ಸುಗಳ ತಿರುಪು ಇಂಚಿನ ಲೆಕ್ಕದ್ದು, ನಮ್ಮ ಬೇರೆ ಸಾಮಾನೆಲ್ಲ ಮೆಟ್ರಿಕ್ಕು. 10-32 ಅನ್ನೋ ಇಂಚಿನ ಸ್ಕ್ರೂಗೂ ಎಂ5 ಅನ್ನೋ ಮೆಟ್ರಿಕ್ ಸ್ಕ್ರೂಗೂ ಎಷ್ಟು ಹೋಲಿಕೆ ಅಂದ್ರೆ, ಒಂದು 4.83 ಮಿಲಿಮೀಟರ್ ದಪ್ಪ, ಇನ್ನೊಂದು 5. ಎಂ5 ಸ್ಕ್ರೂನ 10-32ರ ತೂತಿಗೆ ಇಟ್ರೆ ಒಂದೆರಡು ಸುತ್ತು ಹಿಡಿಯುತ್ತೆ, ಆಮೇಲೆ ಬಿಗಿ ಆಗತ್ತೆ, ನೀವು "ತುಕ್ಕಿರ್ಬೇಕು" ಅಂತ ಇನ್ನೊಂಚೂರು ತಿರುಗಿಸ್ತೀರ, ಅಲ್ಲಿಗೆ ತೂತಿನ ಮರೆ (ಥ್ರೆಡ್ಡು) ಹೋಯ್ತು. ಅಲೆನ್ ಕೀನೂ ಅಷ್ಟೇ, 1/8 ಇಂಚಿನ ಜಾಗಕ್ಕೆ 3 ಮಿಲಿಮೀಟರ್ ಕೀ ಹಾಕಿದ್ರೆ ಸಡಿಲ, ನಾಕ್ ಸಲ ತಿರುಗಿಸಿದ್ರೆ ಒಳಗಡೆ ಆರ್ ಮೂಲೇನೂ ಗುಂಡಗೆ. ಆ ಪ್ರೆಸ್ಸಿಗೆ ಹೊಂದೋ ಕೀಗಳನ್ನ ಅದೇ ಪ್ರೆಸ್ಸಿನ ಡಬ್ಬೀಲೇ ಇಡಿ, ಟೂಲ್ ಕಿಟ್‌ಗೆ ವಾಪಸ್ ಹಾಕಲೇಬೇಡಿ.

ಪ್ರಶ್ನೆ: ಪ್ರೈಮರ್ ಆರ್ಮ್ (ಪ್ರೈಮರ್ ಕೂರಿಸೋ ತೋಳು) ಬಿಚ್ತಿದ್ದೆ, ಟಿಂಗ್ ಅಂತ ಸ್ಪ್ರಿಂಗ್ ಹಾರೋಯ್ತು. ರೂಮೆಲ್ಲಾ ಜಾಲಾಡಿದೆ. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಕಾಲುಚೀಲ ಕಟ್ಟಿ ಎಳೆದ್ರೆ ಸಿಗತ್ತೆ ಅಂತ ಫ್ರೆಂಡ್ ಹೇಳ್ದ, ಮಾಡ್ಲಾ?

ಉತ್ತರ: ಬೇಡ! ಬೇರೆ ರೂಮಲ್ಲಿ ಓಲೆ ತಿರುಪು ಕಳ್ಕೊಂಡಾಗ ಅದು ಒಳ್ಳೇ ಉಪಾಯ, ರೀಲೋಡಿಂಗ್ ಬೆಂಚ್ ಕೆಳಗೆ ಮಾತ್ರ ಬೇಡ. ಅಲ್ಲಿ ಚೆಲ್ಲಿರೋ ಪೌಡರ್ ಕಾಳು ಇರತ್ತೆ, ಯಾವತ್ತೋ ಉರುಳಿದ ಜೀವಂತ ಪ್ರೈಮರೂ ಇರಬಹುದು. ಕಾಲುಚೀಲ ಸ್ಪ್ರಿಂಗನ್ನ ತಡಿಯತ್ತೆ, ಪೌಡರನ್ನ ತಡಿಯಲ್ಲ, ಅದು ಒಳಗೆ ಹೋಗಿ ಮೋಟ್ರು ಹತ್ರ ಸೇರ್ಕೊಂಡು ಒಂದ್ ಕಿಡಿಗೆ ಕಾಯ್ತಾ ಕೂತಿರತ್ತೆ.

ಹೀಗ್ ಮಾಡಿ. ರೂಮ್ ಲೈಟ್ ಆರಿಸಿ, ಟಾರ್ಚನ್ನ ನೆಲದ ಮೇಲೇ ಮಲಗ್ಸಿ ನಿಧಾನಕ್ಕೆ ತಿರುಗ್ಸಿ, ಸಣ್ಣ ಸ್ಪ್ರಿಂಗ್‌ಗೂ ಉದ್ದ ನೆರಳು ಬೀಳತ್ತೆ, ಸ್ಪ್ರಿಂಗ್ ಹುಡುಕಬೇಡಿ ನೆರಳು ಹುಡುಕಿ. ಸಿಗ್ಲಿಲ್ವಾ, ಒಂದ್ ಮ್ಯಾಗ್ನೆಟ್ಟನ್ನ ಪ್ಲಾಸ್ಟಿಕ್ ಕವರ್ ಒಳಗಿಟ್ಟು ನೆಲದ ಮೇಲೆ ಆಡಿಸಿ, ಸಿಕ್ಕಿದ ಮೇಲೆ ಕವರ್ ಉಲ್ಟಾ ಮಾಡಿದ್ರೆ ಕಬ್ಬಿಣದ ಚೂರೆಲ್ಲ ಕವರ್ ಒಳಗೇ ಉಳಿಯತ್ತೆ. ಅದಕ್ಕೂ ಮುಂಚೆ ನಿಮ್ ಪ್ಯಾಂಟಿನ ಕೆಳಗಡೆ ಮಡಿಕೆ ನೋಡ್ಕೊಳ್ಳಿ. ತಮಾಷೆ ಅಲ್ಲ, ನಾನು ಒಂದ್ ಭಾನುವಾರ ಪೂರ್ತಿ ಮೊಣಕಾಲ್ ಮೇಲೆ ತೆವಳಿ, ಬೀರು ಜರುಗ್ಸಿ, ಮನೆಯೋರ ಹತ್ರ ಬೈಸ್ಕೊಂಡು, ರಾತ್ರಿ ಪ್ಯಾಂಟ್ ಕೊಡವಿದಾಗ ಟಿಣ್ ಅಂತ ಬಿತ್ತು.

ಮುಂದಿನ್ ಸಲದಿಂದ, ಸ್ಪ್ರಿಂಗ್ ಇರೋ ಭಾಗ ಬಿಚ್ಚೋವಾಗ ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈ ಎರಡೂ ಹಾಕಿ ಬಿಚ್ಚಿ. ಹಾರಿದ್ರೂ ಚೀಲದಲ್ಲೇ. ಪ್ರೆಸ್ಸಿಗೇ ಕೂತಿರೋ ಭಾಗ ಆದ್ರೆ ಕೆಳಗೆ ಒಂದ್ ಬಿಳಿ ಟವೆಲ್ ಹಾಸಿ, ಟವೆಲ್ ಮೇಲೆ ಬಿದ್ದಿದ್ದು ಪುಟಿಯಲ್ಲ. ಬಿಚ್ಚೋಕ್ ಮುಂಚೆ ಪ್ರೈಮರೆಲ್ಲ ತೆಗ್ದು ದೂರ ಇಟ್ಟಿರ್ಬೇಕು, ಕಣ್ಣಿಗೆ ಕನ್ನಡಕ ಇರ್ಬೇಕು, ಒಂದೊಂದ್ ಹಂತಕ್ಕೂ ಫೋನಲ್ಲಿ ಒಂದ್ ಫೋಟೋ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸ್ತಾ ಹೋಗಿ, ವಾಪಸ್ ಹಾಕೋವಾಗ ಬಲದಿಂದ ಎಡಕ್ಕೆ ಬನ್ನಿ.

ಮ್ಯಾಗ್ನೆಟ್ ತಟ್ಟೆ ಚೆನ್ನಾಗಿದೆ ಅಂತ ಸ್ಪ್ರಿಂಗನ್ನ ಅದರ ಮೇಲೇ ತಿಂಗಳುಗಟ್ಲೆ ಬಿಡ್ಬೇಡಿ. ಉಕ್ಕಿಗೂ ಆ ಗುಣ ಅಂಟ್ಕೊಳತ್ತೆ, ಆಮೇಲೆ ಕಬ್ಬಿಣದ ಪುಡಿನೆಲ್ಲ ಎಳ್ಕೊಳೋಕ್ ಶುರು. ಪೌಡರ್ ತೂಗೋ ಬೀಮ್ ಸ್ಕೇಲ್ (ದಂಡದ ತಕ್ಕಡಿ) ಪಕ್ಕ ಅಂತೂ ಮ್ಯಾಗ್ನೆಟ್ ಸುಳೀಲೇಬಾರ್ದು, ಎಷ್ಟೋ ಬೀಮ್ ಸ್ಕೇಲುಗಳಲ್ಲಿ ಅಲ್ಲಾಟ ನಿಲ್ಸೋದೇ ಒಳಗಿರೋ ಮ್ಯಾಗ್ನೆಟ್ಟು. ಮಕ್ಕಳಿರೋ ಮನೇಲಿ ಇನ್ನೂ ಹುಷಾರು, ಪುಟಾಣಿ ಮ್ಯಾಗ್ನೆಟ್ ಎರಡು ನುಂಗಿದ್ರೆ ಕರುಳಿನ ಗೋಡೆನ ನಡುವೆ ಸಿಕ್ಕಿಸ್ಕೊಂಡು ತೂತೇ ಮಾಡ್ಬಿಡತ್ತೆ.

ಪ್ರಶ್ನೆ: ಪಾರ್ಟ್ಸ್ ಡಬ್ಬೀಲಿ ಎರಡ್ ಖಾನೆ ಖಾಲಿ ಇದೆ, ಉಳಿದ ಪ್ರೈಮರ್ ಅದ್ರಲ್ಲಿ ಇಟ್ರೆ ಕೈಗೆ ಹತ್ರ ಅಲ್ವಾ?

ಉತ್ತರ: ಆ ಎರಡು ಖಾನೆ ಖಾಲಿನೇ ಇರ್ಲಿ. ಪ್ರೈಮರನ್ನ ಕಂಪ್ನಿಯೋರು ಒಂದಕ್ಕೊಂದು ತಾಗದ ಹಾಗೆ ಗೂಡು ಗೂಡು ಮಾಡಿ ಪ್ಯಾಕ್ ಮಾಡೋದು ಚೆಂದಕ್ಕಲ್ಲ, ಒಂದು ಸಿಡಿದ್ರೆ ಪಕ್ಕದ್ದು ಸಿಡೀಬಾರ್ದು ಅಂತ. ಡಬ್ಬೀಲೋ ಬಾಟ್ಲೀಲೋ ಒಟ್ಟಿಗೆ ಸುರಿದ್ರೆ ಎಲ್ಲಾ ಒಂದೇ ಸಲ ಹೋಗ್ಬಹುದು. ಉಳಿದಿದ್ದು ಅದರದ್ದೇ ಪ್ಯಾಕಿಗೆ ವಾಪಸ್. ಪೌಡರೂ ಅದರದ್ದೇ ಡಬ್ಬಿಗೆ. ಪಾರ್ಟ್ಸ್ ಡಬ್ಬೀಲಿ ಒಂದ್ ಪ್ರೈಮರ್ ಸಿಕ್ತು ಅಂದ್ರೆ ಎಣ್ಣೇಲಿ ಅದ್ದಿ "ಸತ್ತೋಯ್ತು" ಅಂತ ನಂಬ್ಕೋಬೇಡಿ, ಎಷ್ಟೋ ಸಲ ಸಾಯಲ್ಲ ಅದು.

ಪ್ರಶ್ನೆ: ಸ್ಪೇರ್ ಪಾರ್ಟ್ಸಿಗೆಲ್ಲ ತುಕ್ಕು ಹಿಡೀತಿದೆ. ಎಣ್ಣೇಲಿ ಮುಳುಗ್ಸಿ ಇಡ್ಲಾ?

ಉತ್ತರ: ಮುಳುಗ್ಸಿದ್ರೆ ತುಕ್ಕು ಹೋಗತ್ತೆ, ತಲೆನೋವು ಬರತ್ತೆ. ಪ್ರೈಮರ್ ಮುಟ್ಟೋ ಪಂಚು, ಪೌಡರ್ ಹರಿಯೋ ಭಾಗ ಇವಕ್ಕೆ ಎಣ್ಣೆ ಹನಿನೂ ಇರಬಾರ್ದು, ಎಣ್ಣೆ ಪ್ರೈಮರನ್ನ ಕೆಡಿಸಬಹುದು, ಪೌಡರ್ ಅಂಟ್ಕೊಂಡು ಅಳತೆ ತಪ್ಪತ್ತೆ. ಅಂಥಾವನ್ನ ಒಣಗಿಸಿ, ತುಕ್ಕು ತಡಿಯೋ ವಿಸಿಐ ಕಾಗದದಲ್ಲಿ ಸುತ್ತಿ ಜಿಪ್ ಕವರ್‌ಗೆ ಹಾಕಿ. ಮಿಕ್ಕಿದ್ದಕ್ಕೆ ಎಣ್ಣೆ ಬಟ್ಟೇಲಿ ಒಂದ್ ಸಲ ಒರೆಸಿದ್ರೆ ಸಾಕು. ಬರಿಗೈಲಿ ಮುಟ್ಟಿ ಇಟ್ರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರೋದನ್ನ ನೀವೂ ನೋಡಿರ್ತೀರ. ರಟ್ಟಿನ ಡಬ್ಬಿ ತೇವ ಹೀರತ್ತೆ, ಓಕ್ ಮರದ ಡ್ರಾಯರ್ ಹುಳಿ ಆವಿ ಬಿಡತ್ತೆ, ಎರಡೂ ಬೇಡ. ಸಿಲಿಕಾ ಜೆಲ್ ಹಾಕೋದಾದ್ರೆ ಬಣ್ಣ ಬದ್ಲಾಗೋದನ್ನೇ ತಗೊಳಿ, ನೀಲಿ ಇದ್ದಿದ್ದು ಗುಲಾಬಿ ಆದ್ರೆ ಹೊಟ್ಟೆ ತುಂಬ್ತು ಅಂತ. ನೀಲಿದ್ರಲ್ಲಿ ಕೋಬಾಲ್ಟ್ ಇರತ್ತೆ, ಅಡುಗೆ ಓವನ್‌ನಲ್ಲಿ ಒಣಗಿಸಬೇಡಿ.

ಅಡುಗೆ ಅಂದಾಗ ನೆನಪಾಯ್ತು. ಉರಿದ ಪ್ರೈಮರ್ ಮಸೀಲಿ ಸೀಸ ಇರತ್ತೆ. ಬೆಂಚಿಗೆ ಬಂದ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗ್ಬಾರ್ದು, ಒಣ ಪೊರಕೇಲಿ ಗುಡಿಸ್ಬಾರ್ದು, ಒದ್ದೆ ಬಟ್ಟೇಲಿ ಒರೆಸಿ ಕೈ ತೊಳ್ಕೊಳ್ಳಿ.

ಪ್ರಶ್ನೆ: ಸರ್, ನಮ್ ತಂದೆ ಹೋದ್ ವರ್ಷ ತೀರ್ಕೊಂಡ್ರು. ಅವ್ರ ರೀಲೋಡಿಂಗ್ ಬೆಂಚ್ ಹಾಗೇ ಇದೆ. ಡ್ರಾಯರ್ ತುಂಬಾ ಸಣ್ ಸಣ್ ಡಬ್ಬಿ, ಏನೇನೋ ಚೂರು. ನಂಗೆ ಈ ವಿಷ್ಯ ಏನೂ ಗೊತ್ತಿಲ್ಲ. ಗುಜರಿಗೆ ಹಾಕೋಕೂ ಮನಸ್ ಬರ್ತಿಲ್ಲ.

ಉತ್ತರ: ಹಾಕ್ಬೇಡಿ ತಾಯಿ, ಆತುರಾನೂ ಬೇಡ. ಮೊದಲ ದಿನ ಚೂರುಗಳನ್ನ ಮುಟ್ಲೇಬೇಡಿ. ತೋಟಾ, ಪೌಡರ್, ಪ್ರೈಮರ್ ಥರ ಕಾಣೋದೇನಾದ್ರೂ ಇದ್ರೆ ಅಲ್ಲಲ್ಲೇ ಬಿಟ್ಟು, ಲೈಸೆನ್ಸ್ ಇರೋ, ಈ ಕೆಲ್ಸ ಗೊತ್ತಿರೋ ಒಬ್ರನ್ನ ಕರ್ಸಿ ಅದನ್ನ ಮೊದ್ಲು ಕಾನೂನು ಪ್ರಕಾರ ಬೇರೆ ಮಾಡ್ಸಿ. ಲೇಬಲ್ ಇಲ್ಲದ ಡಬ್ಬೀಲಿರೋ ಪೌಡರ್ ಏನೇ ಆಗಿರ್ಲಿ, ಬಣ್ಣ ವಾಸ್ನೆ ನೋಡಿ ಇದು ಇಂಥದ್ದೇ ಅಂತ ಯಾರಾದ್ರೂ ಹೇಳಿದ್ರೆ ಅವ್ರ ಮಾತು ನಂಬ್ಬೇಡಿ, ಅದು ಬಳಸೋ ವಸ್ತು ಅಲ್ಲ. ಎಲ್ಲಾ ಡ್ರಾಯರೂ ಆ ಗೊತ್ತಿರೋರು ಒಂದ್ ಸಲ ನೋಡಿದ ಮೇಲೆ ನೀವು ಕೂತ್ಕೊಳ್ಳಿ.

ಒಂದೊಂದ್ ಡ್ರಾಯರ್ ತೆಗ್ದು, ಒಳಗಿನದ್ದು ಕದಲಿಸೋಕ್ ಮುಂಚೆ ಮೇಲಿಂದ ಒಂದ್ ಫೋಟೋ ತೆಗೀರಿ. ನಿಮ್ಗೆ ಅಸ್ತವ್ಯಸ್ತ ಅನ್ಸೋದು ಅವ್ರಿಗೆ ಲೆಕ್ಕಾಚಾರ ಆಗಿರ್ಬಹುದು, ಎಡಗಡೆ ಡ್ರಾಯರ್ರು ಎಡಗಡೆ ಪ್ರೆಸ್ಸಿಂದು ಅನ್ನೋ ಥರ. ಡಬ್ಬಿಯಿಂದ ಡಬ್ಬಿಗೆ ಸುರೀಬೇಡಿ, ಅವ್ರು ಒಟ್ಟಿಗಿಟ್ಟಿದ್ದು ಒಟ್ಟಿಗೇ ಇರ್ಲಿ. ಬೆಂಚಿಗೆ ಬೋಲ್ಟ್ ಹಾಕಿರೋ ಪ್ರೆಸ್ಸಿನ ಮೇಲೆ ಕಂಪ್ನಿ ಹೆಸ್ರು, ಮಾಡೆಲ್ ಇರತ್ತೆ, ಅದರ ಪುಸ್ತಕ ಕಂಪ್ನಿಯೋರ ಹತ್ರ ಸಿಗಬಹುದು, ಚಿತ್ರಕ್ಕೆ ಚೂರು ಹೋಲಿಸ್ತಾ ಹೋದ್ರೆ ಅರ್ಧಕ್ಕರ್ಧ ಹೆಸ್ರು ನಿಮ್ಗೇ ಗೊತ್ತಾಗತ್ತೆ. ಡೈಗಳ ಮೇಲೆ ಕೂತಿರೋ ಉಂಗುರಾನ ಮಾತ್ರ ತಿರುಗಿಸಬೇಡಿ. ಡೈ ಮೈಮೇಲಿನ ಮರೆ ಸುಮಾರು ಎಲ್ಲಾ ಕಂಪ್ನಿದೂ ಒಂದೇ, 7/8 ಇಂಚು ದಪ್ಪ, ಇಂಚಿಗೆ 14 ಸುತ್ತು, ಆದ್ರೆ ಉಂಗುರ ನಿಂತಿರೋ ಜಾಗ ನಿಮ್ ತಂದೆಯೋರು ಕೂತು ಹೊಂದಿಸಿದ್ದು.

ನೀವು ಪತ್ರದ ಜೊತೆ ಕಳ್ಸಿದ್ದ ಫೋಟೋ ದೊಡ್ಡದ್ ಮಾಡಿ ನೋಡ್ದೆ. ಮೂರನೇ ಡ್ರಾಯರ್ರಲ್ಲಿ ಹಳೇ ಮಾತ್ರೆ ಕವರ್ ಒಂದಿದೆ, ಮೇಲೆ ಪೆನ್ಸಿಲ್ಲಲ್ಲಿ "ಉದ್ದ ಕೊಕ್ಕೆ ಕೆಳಗೆ" ಅಂತ ಬರ್ದಿದಾರೆ. ಅದು ಪ್ರೈಮರ್ ಆರ್ಮಿನ ಸ್ಪ್ರಿಂಗ್ ಇರ್ಬೇಕು. ಕವರ್ ಹರಿದಿದ್ರೂ ಹೊಸ ಕವರ್ ಒಳಗೆ ಆ ಹಳೇದನ್ನೂ ಸೇರ್ಸೇ ಇಡಿ.